ಬಾವಿ ಕಡೆಯ ಬಾಗಿಲು

ಮದುವೆ ಕ್ಯಾಸೆಟ್ ನೋಡಲು ಕೂತವರು ಮೊದಲು ತಮ್ಮ ಮುಖ ಹುಡುಕುತ್ತಾರೆ. ಅದು ಸಿಕ್ಕ ಮೇಲೆ ವಿಡಿಯೋದವನ ತಪ್ಪು ಹುಡುಕುತ್ತಾರೆ. ಊಟದ ಪಂಕ್ತಿಯಲ್ಲಿ ತನ್ನನ್ನು ತೋರಿಸಲೇ ಇಲ್ಲ ಅಂತ ಸೋದರಮಾವನಿಗೆ ಸಿಟ್ಟು. ಗೋಧಿ ಹುಗ್ಗಿ ಬಾಯಿಗೆ ತುರುಕಿಕೊಳ್ಳುವಾಗಲೇ ತೋರಿಸಿದ ಅಂತ ಚಿಕ್ಕಮ್ಮನಿಗೆ ಸಿಟ್ಟು. ಕೊಟ್ಟೂರಿನ ಯೂನುಸ ಈ ಸಿಟ್ಟುಗಳ ನಡುವೆಯೇ ಸಂಸಾರ ಕಟ್ಟಿದವನು. ಅಪ್ಪ ಜಮಾಲುದ್ದೀನ ಲಾರಿ ಮೆಕ್ಯಾನಿಕ್ಕು. ಮಗನೂ ತನ್ನ ಹಾಗೆ ಪಾನಾ ಹಿಡಿಯಲಿ ಅಂತ ಬಯಸಿದ್ದ. ಮಗ ತೊಂಬತ್ತೊಂದರಲ್ಲಿ ಹೊಸಪೇಟೆಯಿಂದ ಒಂದು ಹಳೇ ವಿಡಿಯೋ ಕ್ಯಾಮೆರಾ ತಂದು ಹೆಗಲಿಗೇರಿಸಿದ. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅಂಗಡಿ ಹಿಡಿದು, ಆಗಷ್ಟೇ ಹುಟ್ಟಿದ್ದ ಮಗಳ ಹೆಸರಲ್ಲಿ 'ಅಫ್ರೀನ್ ವಿಡಿಯೋಸ್' ಅಂತ ಬೋರ್ಡು ಬರೆಸಿದ.

ಹಿರಿಯರದು ಇನ್ನೊಂದು ತಕರಾರು. ಹೆಂಡತಿಯಾದವಳು ಗಂಡನ ಎಡಕ್ಕಿರಬೇಕು, ನೀನು ಬಲಕ್ಕೆ ನಿಲ್ಲಿಸಿದ್ದೀಯಲ್ಲೋ ಅಂತ. ಯೂನುಸ ಮದುಮಗಳನ್ನು ಶಾಸ್ತ್ರ ನೋಡಿ ನಿಲ್ಲಿಸುತ್ತಿರಲಿಲ್ಲ, ಬೆಳಕು ನೋಡಿ ನಿಲ್ಲಿಸುತ್ತಿದ್ದ. ಹುಡುಗಿಯ ಮುಖ ಕಪ್ಪಗೆ ಬಂದರೆ ಬೀಗರ ಕೈಲಿ ಬೈಸಿಕೊಳ್ಳುವವನು ಅವನೇ ತಾನೆ? ಇಂಥದ್ದಕ್ಕೆಲ್ಲ ಅವನ ಮಿಕ್ಸಿಂಗ್ ಮೇಜಿನ ಮೇಲೆ ಮದ್ದಿತ್ತು. ಕ್ಯಾಸೆಟ್ಟು ಮನೆ ಮುಟ್ಟುವ ಹೊತ್ತಿಗೆ ಜಗಳಗಳು ಮಾಯವಾಗಿ, ಸಿಡುಕು ಮೋರೆಗಳು ನಗುಮೋರೆಗಳಾಗಿ, ಹೆಂಡತಿಯರೆಲ್ಲ ಎಡಕ್ಕೆ ಬಂದು ನಿಂತಿರುತ್ತಿದ್ದರು.

ಮದುವೆಯ ದಿನಗಳಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಅಂತ ಊರೂರು ತಿರುಗುವ ಒಂದು ದಂಡೇ ಇತ್ತು. ಅಡುಗೆ ಚೌಡಣ್ಣನ ತಂಡ, ಜನರೇಟರ್ ಹುಲುಗಣ್ಣ, ವಿಡಿಯೋ ಯೂನುಸ, ಮದುಮಗಳನ್ನು ಸಿಂಗರಿಸುವ ಭಾಗ್ಯ. ಯಾರ ಮದುವೆಯಾದರೂ ಇವರ ಮುಖಗಳು ಅವೇ. ಭಾಗ್ಯ ಗಂಡನಿಂದ ದೂರಾಗಿ ತಾಯಿಯ ಮನೆಯಲ್ಲಿದ್ದವಳು. ಹಡಗಲಿ ಮಲ್ಲಿಗೆಯ ಮೊಗ್ಗಿನ ಜಡೆ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಾಯಿ ಜೋರು, ಕೈ ಶುದ್ಧ. ಹೆಣ್ಣಿನ ಕಡೆಯವರು ಒಡವೆಯ ಡಬ್ಬಿಯನ್ನು ಅವಳ ಕೈಗೇ ಕೊಟ್ಟು ನಿಶ್ಚಿಂತೆಯಿಂದ ಊಟಕ್ಕೆ ಹೋಗುತ್ತಿದ್ದರು. ಯೂನುಸನಿಗಿಂತ ಒಂದೆರಡು ವರ್ಷ ದೊಡ್ಡವಳು. "ಲೇ ಯೂನುಸಾ, ನನ್ನ ಮಕಾನೂ ಒಂದೀಟು ತೋರಿಸೋ, ಬರೇ ಅವರವ್ನ ತೋರಿಸ್ತಿ" ಅಂತ ಕಾಡುತ್ತಿದ್ದಳು. ಅವನು ಅವಳನ್ನು ಭಾಗ್ಯಕ್ಕ ಅನ್ನುತ್ತಿದ್ದ.

ಅವಳ ತಾಯಿ ಪಂಪಮ್ಮ ಚೌಡಣ್ಣನ ತಂಡದಲ್ಲೇ ಇದ್ದಳು. ಮಗಳು ಒಳಗೆ ಮದುಮಗಳಿಗೆ ಹೂ ಮುಡಿಸುತ್ತಿದ್ದರೆ ತಾಯಿ ಹಿತ್ತಲಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಪಂಪಮ್ಮ ವಿಧವೆ. ಎಷ್ಟೋ ಛತ್ರಗಳ ಹಿತ್ತಲಲ್ಲಿ ದುಡಿದವಳು, ಮದುವೆ ನಡೆಯುವ ಒಂದು ಹಾಲಿಗೂ ಕಾಲಿಟ್ಟವಳಲ್ಲ. ಬರಬೇಡ ಅಂತ ಯಾರೂ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ. ಒಳಗಿನ ವಾದ್ಯದ ಸದ್ದು ಕೇಳಿ, ಈಗ ತಾಳಿ ಬಿತ್ತು ಅಂತ ಅಂದಾಜು ಮಾಡಿ, ಕೂತಲ್ಲಿಂದಲೇ ಕೈ ಮುಗಿಯುತ್ತಿದ್ದಳು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಹಗರಿಬೊಮ್ಮನಹಳ್ಳಿಯ ಮರುಳಪ್ಪನವರ ಛತ್ರಕ್ಕೆ ಬೆಂಕಿ ಬಿತ್ತು. ಅದು ಮೊದಲು ಹತ್ತಿಯ ಗೋದಾಮು. ಮರುಳಪ್ಪ ಹತ್ತಿ ವ್ಯಾಪಾರ ಬಿಟ್ಟ ಮೇಲೆ ಒಳಗೆ ಒಂದು ವೇದಿಕೆ ಕಟ್ಟಿ, ವೇದಿಕೆಯ ಎರಡೂ ಮಗ್ಗುಲಿಗೆ ಒಂದೊಂದು ಕೋಣೆ, ಕೋಣೆಯ ಪಕ್ಕದ ಮೂಲೆಯಲ್ಲಿ ಹಿತ್ತಲಿಗೆ ಒಂದೊಂದು ಬಾಗಿಲು ತೆಗೆದು, ಬಣ್ಣ ಹೊಡೆಸಿ ಛತ್ರ ಅಂದಿದ್ದ. ಆವತ್ತು ಸಂಜೆ ಆರತಕ್ಷತೆ. ವೇದಿಕೆಯ ಅಲಂಕಾರದ ಥರ್ಮೋಕೋಲಿಗೆ ವೈರಿನ ಕಿಡಿ ತಾಗಿತು. ಗೋಡೆಗಳಿಗೆಲ್ಲ ಬಣ್ಣದ ಬಟ್ಟೆ ಇಳಿಬಿಟ್ಟಿದ್ದರು. ಬೆಂಕಿ ಅದರ ಮೇಲೆ ಓಡಿತು. ಬೆಂಕಿಗಿಂತ ಹೊಗೆ ಕೆಟ್ಟದ್ದು. ಯೂನುಸ ಕ್ಯಾಮೆರಾ ಬಿಸಾಕಿ ಜನರ ಜೊತೆ ಮುಂಬಾಗಿಲಿಂದ ಹೊರಗೆ ಬಿದ್ದ. ಮದುಮಕ್ಕಳು ಉಳಿದರು. ಇಬ್ಬರು ಮುದುಕರು, ಒಂದು ಕೂಸು, ಮತ್ತು ಭಾಗ್ಯ ಉಳಿಯಲಿಲ್ಲ.

ಹೊಗೆಯಲ್ಲಿ ತಡಕಾಡಿ ಭಾಗ್ಯಳನ್ನು ಮುಂಬಾಗಿಲಿಂದ ಹೊತ್ತು ತಂದವನು ಹುಲುಗಣ್ಣ. ಮದುಮಗಳ ಕೋಣೆಯ ಪಕ್ಕದ ಮೂಲೆಯಲ್ಲಿ ಬಿದ್ದಿದ್ದಳಂತೆ. ಎದೆಗೆ ಒಡವೆಯ ಡಬ್ಬಿ ಅಪ್ಪಿಕೊಂಡಿದ್ದಳು. ಡಬ್ಬಿಯಲ್ಲಿ ಎಲ್ಲವೂ ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಹೆಣ್ಣಿನ ಕಡೆಯವರು ಅದನ್ನು ಇಸಿದುಕೊಂಡು ಹೋದರು. ಹೋಗುವಾಗ ಒಂದು ಒಳ್ಳೆಯ ಮಾತಾದರೂ ಆಡಿ ಹೋಗಬಹುದಿತ್ತು. ಅದರ ಬದಲು ಊರಲ್ಲಿ ಒಂದು ಮಾತು ಹುಟ್ಟಿತು: ಓಡೋದು ಬಿಟ್ಟು ಬಂಗಾರಕ್ಕೆ ಬಾಯಿ ಬಿಟ್ಟುಕೊಂಡು ನಿಂತಳು, ಸತ್ತಳು. ಸತ್ತವಳು ಬಂದು ಅಲ್ಲ ಅನ್ನುತ್ತಾಳೆಯೇ? ಮಾತು ಹಾಗೇ ನಿಂತಿತು. ಹೊಗೆ ಹಿಡಿದ ಗೋಡೆಯ ನಡುವೆ ಇನ್ನು ಯಾರು ಮದುವೆ ಮಾಡುತ್ತಾರೆ ಅಂತ ಮರುಳಪ್ಪ ಮಳೆಗಾಲಕ್ಕೆ ಮೊದಲೇ ಛತ್ರ ಕೆಡವಿಸಿ, ಅಲ್ಲಿ ಅಂಗಡಿ ಸಾಲು ಎಬ್ಬಿಸಿದ.

ಯೂನುಸ ಹೊಸ ಕ್ಯಾಮೆರಾ ಕೊಂಡ. ಬದುಕು ನಡೆಯಿತು. ಎರಡು ಸಾವಿರದೆರಡರ ಹೊತ್ತಿಗೆ ಮಿಕ್ಸಿಂಗ್ ಯಂತ್ರ ಮೂಲೆ ಸೇರಿ ಕಂಪ್ಯೂಟರ್ ಬಂತು. ಹರಪನಹಳ್ಳಿಯಲ್ಲಿ ಮನೆಗಳಿಗೆ ಪ್ಲಾನ್ ಹಾಕುವ ಅರುಣಕುಮಾರ್ ಅಂತ ಒಬ್ಬ ಗೆಳೆಯನಿದ್ದ. ಅವನು ಒಂದು ದಿನ ಕಂಪ್ಯೂಟರಿನಲ್ಲಿ ಇನ್ನೂ ತಳಪಾಯವನ್ನೇ ಹಾಕದ ಮನೆಯೊಂದನ್ನು ತೆರೆದು, ಬಾಣದ ಗುಂಡಿ ಒತ್ತುತ್ತ ಅದರೊಳಗೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ನಡೆದಾಡಿಸಿ ತೋರಿಸಿದ. ಯೂನುಸ ಬೆರಗಾದ. ಅರುಣಕುಮಾರನ ಬೆನ್ನು ಬಿದ್ದು ಆ ವಿದ್ಯೆ ಕಲಿತ. ಕ್ಯಾಸೆಟ್ಟಿನ ಮೊದಲಿಗೆ ಗರಗರ ತಿರುಗುವ ಕಂಬದ ಮಂಟಪ, ಅದರೊಳಗೆ ಮದುಮಕ್ಕಳ ಹೆಸರು. ಜನಕ್ಕೆ ಅದು ಬಹಳ ಹಿಡಿಸಿತು.

ಎರಡು ಸಾವಿರದೈದರಲ್ಲಿ ಒಂದು ಮಧ್ಯಾಹ್ನ ಪಂಪಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಸೊರಗಿ ಅರ್ಧವಾಗಿದ್ದಳು. ಭಾಗ್ಯಳ ಮಗಳು ಶೈಲಾಗೆ ಹದಿನೆಂಟು ತುಂಬಿತ್ತು, ಹಡಗಲಿ ಕಡೆಯ ಒಂದು ಸಂಬಂಧ ಕುದುರಿತ್ತು, ಈಗ ಮುರಿದಿತ್ತು.

"ಬಂಗಾರದ ಡಬ್ಬಿ ಅಪ್ಪಿಕೊಂಡು ಸತ್ತಾಕಿ ಮಗಳು ನಮಗ ಬ್ಯಾಡ ಅಂದ್ರಂತಪ್ಪಾ," ಅಂದಳು ಪಂಪಮ್ಮ. "ಹುಡುಗಿ ಎದುರಿಗೇ ಅಂದಾರ. ಅಕಿ ಅಳಲಿಲ್ಲ. ನನ್ನ ಕೇಳಿದ್ಲು, ನಮ್ಮವ್ವ ಹಂತಾಕಿ ಇದ್ಲೇನು ಅಮ್ಮಾ ಅಂತ."

ಯೂನುಸ ಚಹಾ ತರಿಸಿದ.

"ನಿನ್ನ ಕ್ಯಾಸೆಟ್ಟಿನ್ಯಾಗ ಆ ಛತ್ರ ಇರಬೇಕಲ್ಲ? ನನಗ ಅದರ ಒಳಗ ನೋಡಬೇಕಾಗೈತಿ," ಅಂದಳು. "ಹಿತ್ತಲದಾಗ ಎರಡು ಬಾಗ್ಲ ಇದ್ವು. ಒಲಿ ಕಡಿ ಒಂದು, ಬಾವಿ ಕಡಿ ಒಂದು. ಅವತ್ತು ಒಲಿ ಕಡಿದು ತೆರೆದಿತ್ತು, ಬಾವಿ ಕಡಿದು ಹೊರಗಿನಿಂದ ಹಾಕಿತ್ತು. ನನ್ನ ಮಗಳು ಬಿದ್ದ ಮೂಲ್ಯಾಗ ಇದ್ದದ್ದು ಯಾವ ಬಾಗ್ಲ? ಇಷ್ಟ ಹೇಳು ನನಗ."

ಅವಳು ಅದನ್ನು ದಂಡಿನವರಲ್ಲಿ ಕೇಳದೆ ಬಿಟ್ಟಿರಲಿಲ್ಲ. ಮದುಮಗಳ ಕೋಣೆ ಬಾವಿ ಕಡೆಗಿತ್ತು ಅಂತ ಚೌಡಣ್ಣ ಆಣೆ ಮಾಡುತ್ತಿದ್ದ. ಒಲೆ ಕಡೆಗಿತ್ತು ಅಂತ ಹುಲುಗಣ್ಣ ಆಣೆ ಮಾಡುತ್ತಿದ್ದ. ಇಬ್ಬರೂ ಆ ಛತ್ರದಲ್ಲಿ ಎಷ್ಟೋ ಸಲ ಉಂಡು ಕೈ ತೊಳೆದವರು. ಆದರೆ ಎರಡೂ ಮಗ್ಗುಲು ಒಂದೇ ಥರ ಇದ್ದ ಕಟ್ಟಡ, ಕೆಡವಿ ಏಳು ವರ್ಷವಾದ ಮೇಲೆ ಯಾರ ಆಣೆಯನ್ನು ನಂಬುವುದು? ಯೂನುಸ ತನ್ನ ನೆನಪನ್ನು ಕೆದಕಿದ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡು ನೋಡಿದವನು ಅವನು. ಹಾಲಿನಲ್ಲಿ ನಿಂತು ನೋಡಿದ್ದಕ್ಕಿಂತ ಮಿಕ್ಸಿಂಗ್ ಮೇಜಿನ ಮುಂದೆ ಕೂತು ಕ್ಯಾಸೆಟ್ಟಿನಲ್ಲಿ ನೋಡಿದ್ದೇ ಹೆಚ್ಚು.

"ಒಲಿ ಕಡಿ ಇದ್ದಂಗ ಅನಸ್ತೈತಿ. ಆದ್ರ ಗ್ಯಾರಂಟಿ ಹೇಳಾಕ ಬರಂಗಿಲ್ಲವ್ವಾ," ಅಂದ. ಅಂದಕೂಡಲೇ ಅರುಣಕುಮಾರನ ಕಟ್ಟದ ಮನೆ ನೆನಪಾಯಿತು. ಕಟ್ಟದ ಮನೆಯೊಳಗೆ ಓಡಾಡಬಹುದಾದರೆ ಕೆಡವಿದ ಮನೆಯೊಳಗೆ ಯಾಕೆ ಆಗಬಾರದು? "ನಿನ್ನ ಆ ಛತ್ರದಾಗ ನಡೆದಾಡಿಸ್ತೀನಿ, ತಡಿ," ಅಂದ.

ವಿಷಯ ಅವನಿಗೆ ಸ್ಪಷ್ಟವಿತ್ತು. ತೆರೆದ ಬಾಗಿಲ ಪಕ್ಕದಲ್ಲಿ ಸತ್ತಿದ್ದರೆ ಊರಿನ ಮಾತು ನಿಜ. ಭಾಗ್ಯಕ್ಕ ಬಂಗಾರಕ್ಕಾಗಿ ತಡ ಮಾಡಿದಳು. ಹಾಕಿದ ಬಾಗಿಲ ಪಕ್ಕದಲ್ಲಿ ಸತ್ತಿದ್ದರೆ, ಕೋಣೆಯಿಂದ ನೇರ ಬಾಗಿಲಿಗೆ ಬಂದವಳು ದಾರಿ ಸಿಗದೆ ಸತ್ತಳು. ಡಬ್ಬಿ ಅವಳ ಕೈಗೆ ನಂಬಿ ಕೊಟ್ಟದ್ದು, ಕೈಯಲ್ಲೇ ಇತ್ತು. ಎರಡನೆಯದೇ ನಿಜವಾಗಿರಲಿ ಅಂತ ಯೂನುಸ ಮನಸಾರೆ ಬಯಸಿದ.

ತಾನು ಚಿತ್ರೀಕರಿಸಿದ ಮೂಲ ಟೇಪುಗಳನ್ನು ಅವನು ಅಳಿಸಿ ಅಳಿಸಿ ಬೇರೆ ಮದುವೆಗೆ ಬಳಸಿಬಿಟ್ಟಿದ್ದ. ಹಾಗಾಗಿ ಆ ಛತ್ರದಲ್ಲಿ ಮದುವೆಯಾದವರ ಮನೆ ಮನೆಗೆ ಹೋಗಿ ಮಿಕ್ಸಿಂಗ್ ಆದ ಕ್ಯಾಸೆಟ್ಟುಗಳನ್ನು ಬೇಡಿ ತಂದ. ಕೆಲವರ ಅಲಮಾರಿಯಲ್ಲಿ ಅವು ಬೂಸಲು ಹಿಡಿದಿದ್ದವು. ಒಬ್ಬ ಪುಣ್ಯಾತ್ಮ ತನ್ನ ಮದುವೆಯ ಮೇಲೆ ಕ್ರಿಕೆಟ್ ಮ್ಯಾಚು ತುಂಬಿಸಿಕೊಂಡಿದ್ದ. ಉಳಿದವುಗಳಲ್ಲಿ ಹಾಲು ಪೂರ್ತಿ ಕಾಣುವ ದೂರದ ನೋಟಗಳನ್ನು ಆರಿಸಿ ಒಂದೊಂದನ್ನೂ ನಿಲ್ಲಿಸಿ ನೋಡಿದ. ಮದುಮಗಳ ಕೋಣೆ ಯಾವುದು ಅಂತ ಹುಡುಕಬೇಕಾಗಲಿಲ್ಲ. ಅದರ ಬಾಗಿಲಲ್ಲಿ ಭಾಗ್ಯ ನಿಂತಿರುತ್ತಿದ್ದಳು, ಬೆರಳುಗಾತ್ರ, ಕಂಕುಳಲ್ಲಿ ಪೌಡರಿನ ಪೆಟ್ಟಿಗೆ ಇಟ್ಟುಕೊಂಡು. ಮೊದಲ ಸಲ ಅವಳನ್ನು ಕಂಡಾಗ ಯೂನುಸ ಕಂಪ್ಯೂಟರ್ ಆರಿಸಿ ಮನೆಗೆ ಹೋಗಿಬಿಟ್ಟ.

ಹೊರಗಿನ ಅಳತೆಗೆ ಪಂಪಮ್ಮನನ್ನೇ ಕರೆದುಕೊಂಡು ಹಗರಿಬೊಮ್ಮನಹಳ್ಳಿಗೆ ಹೋದ. ಅಂಗಡಿ ಸಾಲಿನ ಹಿಂದೆ ಹಳೇ ಕಾಂಪೌಂಡು ಹಾಗೇ ಇತ್ತು. ಬಾವಿಗೆ ಚಪ್ಪಡಿ ಮುಚ್ಚಿ ಮೇಲೆ ಗೊಬ್ಬರದ ಚೀಲ ಒಟ್ಟಿದ್ದರು. ಪಂಪಮ್ಮ ಬಯಲಲ್ಲಿ ನಿಂತು, ಇಲ್ಲಿ ಒಲಿ, ಇಲ್ಲಿ ಪಾತ್ರೆ ತೊಳೆಯೋದು, ಇಲ್ಲಿ ಬಾಗ್ಲ, ಅಂತ ತೋರಿಸಿದಳು. ಬಾವಿಯ ಕಡೆ ಹೋಗಲಿಲ್ಲ. ದೂರದಿಂದಲೇ "ಅಲ್ಲಿತ್ತು ಇನ್ನೊಂದು" ಅಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಛತ್ರ ಎದ್ದು ನಿಂತಿತು. ಬಣ್ಣ ಸರಿಯಿರಲಿಲ್ಲ, ಕಂಬಗಳು ಸೋಪಿನಲ್ಲಿ ಕೊರೆದ ಹಾಗಿದ್ದವು. ಆದರೂ ಅದು ಮರುಳಪ್ಪನ ಛತ್ರವೇ. ನೋಡಿದವರು ಹೌದು ಅನ್ನುವ ಹಾಗಿತ್ತು. ಪಂಪಮ್ಮ ಸ್ಟೂಲಿನ ಮೇಲೆ ಕೂತಳು. ಯೂನುಸ ಗುಂಡಿ ಒತ್ತಿದ. ಮುಂಬಾಗಿಲು ಹತ್ತಿರ ಬಂತು.

"ತಡಿ ತಡಿ," ಅಂದಳು. ಸೆರಗು ಸರಿ ಮಾಡಿಕೊಂಡಳು. "ಒಳಗ ಯಾರೂ ಇಲ್ಲಲ್ಲ?"

"ಯಾರೂ ಇಲ್ಲವ್ವಾ. ಬಾ."

ಅವಳು ಒಳಗೆ ಹೋದಳು. ಹಾಲು ಎಷ್ಟು ದೊಡ್ಡದಿತ್ತು ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ಕುರ್ಚಿಯ ಸಾಲು ದಾಟಿ, ವೇದಿಕೆಯ ಮುಂದೆ ಬಂದು, ಮದುಮಗಳ ಕೋಣೆಯ ಪಕ್ಕದ ಮೂಲೆಗೆ ಹೋದರು. ಅಲ್ಲಿ ಬಾಗಿಲು ತೆರೆದಿತ್ತು. ಅದರಾಚೆ ಒಲೆಗಳು.

"ಇದು ಒಲಿ ಕಡಿ ಬಾಗ್ಲ?" ಅಂತ ಕೇಳಿದಳು.

"ಹೂನವ್ವಾ."

"ಬಾವಿ ಕಡಿದು?"

ಯೂನುಸ ಹಾಲನ್ನು ಅಡ್ಡ ದಾಟಿಸಿ ಗಂಡಿನ ಕಡೆಯವರ ಕೋಣೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಹಾಕಿದ ಬಾಗಿಲು ತೋರಿಸಿದ. ಪಂಪಮ್ಮ ಮತ್ತೆ ಮೊದಲಿನ ಮೂಲೆಗೆ ಕರೆದುಕೊಂಡು ಹೋಗು ಅಂದಳು. ಮತ್ತೆ ಈ ಕಡೆಗೆ. ಕೊನೆಗೆ ಉಸಿರು ಬಿಟ್ಟು ಗೋಡೆಗೆ ಒರಗಿದಳು. ಊರು ಆಡಿದ್ದನ್ನೇ ತಾನೂ ಆಡಿದಂತಾಯಿತಲ್ಲ, ಅದೂ ತಾಯಿಯ ಮುಂದೆ, ಅಂತ ಯೂನುಸ ತಲೆ ತಗ್ಗಿಸಿದ.

"ತಪ್ಪು ತಿಳೀಬ್ಯಾಡವ್ವಾ. ನಾ ಬ್ಯಾರೇನ ಅನ್ಕೊಂಡಿದ್ದೆ."

"ಹೋಗ್ಲಿ ಬಿಡಪ್ಪಾ. ಬಾಗ್ಲ ತೆರೆದಿತ್ತು. ಅಕಿ ಹಣೇಬರ, ನಿಂತ್ಲು," ಅಂದಳು ಪಂಪಮ್ಮ. ಅವಳ ಮುಖದಲ್ಲಿ ದುಃಖವಿರಲಿಲ್ಲ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡಳು. "ಶೈಲಾಗ ಇದು ತೋರಿಸಬ್ಯಾಡ" ಅಂತ ಹೇಳಿ ಎದ್ದು ಹೋದಳು. ಎಂಥ ಹೆಂಗಸು ಇವಳು, ಮಗಳ ಹೆಸರಿಗೆ ಮಸಿ ಅಂಟಿತು ಅಂತ ಗೊತ್ತಾದ ಮೇಲೂ ಹಗುರಾಗಿ ಹೋಗುತ್ತಾಳಲ್ಲ, ಅಂತ ಯೂನುಸನಿಗೆ ಒಳಗೊಳಗೇ ಅಸಹ್ಯವೂ ಆಯಿತು.

ಆಮೇಲೆ ಪಂಪಮ್ಮ ಪ್ರತಿ ಸಂತೆಯ ದಿನ ಬರತೊಡಗಿದಳು. ತರಕಾರಿ ಚೀಲವನ್ನು ಬಾಗಿಲಲ್ಲಿಟ್ಟು, ಛತ್ರ ತೆರೆಯಪ್ಪಾ ಅನ್ನುವಳು. ಗುಂಡಿ ಒತ್ತುವುದನ್ನು ತಾನೇ ಕಲಿತಳು. ಗೋಡೆಗೆ ಹಾಯ್ದು ನಕ್ಕಳು. ವೇದಿಕೆಯ ಮೆಟ್ಟಿಲು ಹತ್ತಿ, ಮದುಮಕ್ಕಳು ನಿಲ್ಲುವ ಜಾಗದಲ್ಲಿ ನಿಂತು, ಕೆಳಗಿನ ಖಾಲಿ ಕುರ್ಚಿಗಳನ್ನು ಬಹಳ ಹೊತ್ತು ನೋಡಿದಳು. ಬಾಗಿಲಿಗೆ ಮಾವಿನೆಲೆಯ ತೋರಣ ಇತ್ತೇನು ಅಂತ ಕೇಳಿದಳು. ಇತ್ತು ಅಂದ. ಹಂಗಾದ್ರ ಹಾಕು ಅಂದಳು. ಅವಳ ಮುಖಕ್ಕೆ ಕಳೆ ಬಂದಿತ್ತು. ರಾತ್ರಿ ನಿದ್ದೆ ಹತ್ತುತ್ತಿದೆ ಅಂತಲೂ ಅಂದಳು. ಸಾಯುವ ಮೊದಲು ಮುದುಕಿಗೆ ಒಂದು ಹಾಲಿನಲ್ಲಿ ಓಡಾಡುವ ಸುಖವಾದರೂ ಸಿಕ್ಕಿತಲ್ಲ ಅಂತ ಯೂನುಸ ಸಮಾಧಾನ ಪಟ್ಟುಕೊಂಡ. ಅವಳು ಕೇಳಿದಳು ಅಂತ ಗೋಡೆಯ ಚಿತ್ರ, ವೇದಿಕೆಯ ಹೂವು ಎಲ್ಲವನ್ನೂ ಕ್ಯಾಸೆಟ್ಟಿನಿಂದ ಎತ್ತಿ ಎತ್ತಿ ಕೂರಿಸುತ್ತ ಹೋದ.

ಹಾಗೆ ಒಂದು ದಿನ ವೇದಿಕೆಯ ಹಿಂದಿನ ಚಿತ್ರಕ್ಕಾಗಿ ಒಂದು ದೂರದ ನೋಟವನ್ನು ಪರದೆಯ ತುಂಬ ಹಿಗ್ಗಿಸಿಕೊಂಡಿದ್ದ. ಅವನ ಹೆಂಡತಿ ನಜಮುನ್ನೀಸಾ ಬುತ್ತಿ ತಂದವಳು ಹಿಂದೆ ನಿಂತು ನೋಡಿದಳು. ಆರತಕ್ಷತೆ, ಬಂದವರು ಸಾಲಾಗಿ ವೇದಿಕೆ ಹತ್ತಿ ಮದುಮಕ್ಕಳ ತಲೆಗೆ ಅಕ್ಷತೆ ಹಾಕುತ್ತಿದ್ದರು. ಇದೆಂಥ ಜನ ರೀ, ಅಂತ ಅವಳು ತಮ್ಮ ಮನೆಮಾತಿನಲ್ಲಿ ನಕ್ಕಳು, ಒಬ್ಬರಿಗೂ ಬಲಗೈ ಇಲ್ಲವೇ, ಎಲ್ಲರೂ ಎಡಗೈಯಲ್ಲಿ ಹಾಕುತ್ತಿದ್ದಾರಲ್ಲ?

ಯೂನುಸ ನಗಲಿಲ್ಲ. ಪರದೆಯನ್ನೇ ನೋಡಿದ. ಆಮೇಲೆ ಎರಡೂ ಕೈಯಿಂದ ಹಣೆ ಹಿಡಿದುಕೊಂಡ.

ಅವನ ಹಳೇ ಮಿಕ್ಸಿಂಗ್ ಯಂತ್ರದಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ಇಡೀ ಚಿತ್ರ ಮಗ್ಗುಲು ಬದಲಿಸುತ್ತಿತ್ತು. ಬೆಳಕಿಗೆ ಬೇಕು ಅಂತ ಬಲಕ್ಕೆ ನಿಲ್ಲಿಸಿದ ಮದುಮಗಳು ಆ ಗುಂಡಿಯಿಂದಲೇ ಎಡಕ್ಕೆ ಬರುತ್ತಿದ್ದದ್ದು, ಹಿರಿಯರು ತೃಪ್ತರಾಗುತ್ತಿದ್ದದ್ದು. ಹತ್ತಿರದ ನೋಟದಲ್ಲಿ ಮಾಡಿದರೆ ಎಡಗೈ ಬಲಗೈ ಗೊತ್ತಾಗಿ ಸಿಕ್ಕಿಬೀಳುತ್ತೇನೆ ಅಂತ ದೂರದ ನೋಟಗಳಿಗೆ ಮಾತ್ರ ಒತ್ತುತ್ತಿದ್ದ. ಆ ಛತ್ರದಲ್ಲಿ ಬೆಳಕು ಬರುವ ಕಿಟಕಿ ಒಂದೇ ಕಡೆಗಿತ್ತು. ಹಾಗಾಗಿ ಅಲ್ಲಿಯ ಪ್ರತಿ ಮದುವೆಗೂ ಒತ್ತಿದ್ದ. ಕೈಗೆ ರೂಢಿಯಾದ ಕೆಲಸ, ತಲೆಯಲ್ಲಿ ಉಳಿದಿರಲಿಲ್ಲ. ಹೆಂಡತಿಯರ ಜೊತೆಗೆ ಹಾಲೂ ತಿರುಗಿತ್ತು, ಕೋಣೆಗಳೂ ತಿರುಗಿದ್ದವು, ಭಾಗ್ಯಕ್ಕ ನಿಂತ ಬಾಗಿಲೂ ತಿರುಗಿತ್ತು. ಆ ತಿರುಗಿದ ಹಾಲನ್ನು ಅವನು ಹಾಗೇ ತಂದು ಸರಿಯಾದ ಹಿತ್ತಲಿಗೆ ಜೋಡಿಸಿದ್ದ.

ತಿದ್ದುವುದು ಕಷ್ಟವಾಗಲಿಲ್ಲ. ಹಾಲನ್ನು ಮಗ್ಗುಲು ಬದಲಿಸಿ ಕೂರಿಸಿದ. ಮದುಮಗಳ ಕೋಣೆಯ ಪಕ್ಕದ ಮೂಲೆಗೆ ನಡೆದ. ಅಲ್ಲಿ ಹಾಕಿದ ಬಾಗಿಲಿತ್ತು. ಆಚೆ ಬಾವಿ. ಯೂನುಸನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ಭಾಗ್ಯಕ್ಕ ಗೆದ್ದಳು ಅಂತ ಹೆಂಡತಿಗೆ ಹೇಳಿದ. ಸಂತೆಯ ದಿನದವರೆಗೆ ಕಾಯಲಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಪಂಪಮ್ಮನಿಗೆ ಹೇಳಿ ಕಳಿಸಿದ.

ಅವಳು ಗಾಬರಿಯಿಂದ ಬಂದಳು. ಯೂನುಸ ಅವಳನ್ನು ಕೂರಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿದ; ಗುಂಡಿಯ ವಿಷಯ, ಎಡಗೈ ಅಕ್ಷತೆಯ ವಿಷಯ.

"ನಾವು ಉಲ್ಟಾ ನೋಡಿದ್ವಿ ಅವ್ವಾ. ತಪ್ಪು ನಂದು. ಭಾಗ್ಯಕ್ಕ ಬಂಗಾರಕ್ಕ ನಿಂತಿದ್ದಿಲ್ಲ. ಕೋಣ್ಯಾಗಿಂದ ಸೀದಾ ಬಾಗ್ಲಕ್ಕ ಬಂದಾಳ. ಬಾಗ್ಲ ಹಾಕಿತ್ತು, ಅಷ್ಟ. ಯಾರ ಮುಂದ ಬೇಕಾದ್ರೂ ಹೇಳ್ತೀನಿ ನಾನು. ಆ ಹಡಗಲಿ ಬೀಗರನ್ನ ಇಲ್ಲಿಗೇ ಕರಸ್ರಿ, ತೋರಿಸ್ತೀನಿ."

ಮೂಲೆಗೆ ನಡೆಸಿಕೊಂಡು ಹೋಗಿ ನಿಲ್ಲಿಸಿದ. ಪಂಪಮ್ಮ ಹಾಕಿದ ಬಾಗಿಲನ್ನು ನೋಡಿದಳು.

"ಇದು ಬಾವಿ ಕಡಿದ?"

"ಬಾವಿ ಕಡಿದ."

"ಮೊದ್ಲಿನಂಗ ಮಾಡು," ಅಂದಳು.

ಅವಳಿಗೆ ತಿಳಿಯಲಿಲ್ಲ ಅಂದುಕೊಂಡು ಯೂನುಸ ಮತ್ತೆ ಬಿಡಿಸಿ ಹೇಳಲು ಹೋದ. "ತಿಳಿದೈತಿ ನನಗ," ಅಂದಳು. ದನಿ ಬಿರುಸಾಗಿತ್ತು. "ಮಾಡು ಅಂದ್ರ ಮಾಡು. ಒಲಿ ಕಡಿ ಮಾಡು."

ಯೂನುಸ ಮಾಡಿದ. ಹಾಲು ತಿರುಗಿತು. ಮೂಲೆಯಲ್ಲಿ ಬಾಗಿಲು ತೆರೆದುಕೊಂಡು ಹಿತ್ತಲ ಬೆಳಕು ಒಳಗೆ ಬಿತ್ತು. ಪಂಪಮ್ಮ ಅದನ್ನು ನೋಡುತ್ತಲೇ ಇದ್ದಳು. ಇಷ್ಟು ದಿನ ಅದನ್ನು ನೋಡಿ ಅರಳುತ್ತಿದ್ದ ಮುಖ ಈಗ ಅರಳಲಿಲ್ಲ.

"ಆ ಬಾಗ್ಲ ಹಾಕಿದಾಕಿ ನಾನು," ಅಂದಳು.

ಯೂನುಸ ಗುಂಡಿಯ ಮೇಲಿನ ಕೈ ತೆಗೆದ.

"ನಾ ನೀರು ಸೇದಾಕ ಹತ್ತಿದ್ದೆ. ಒಳಗಿಂದ ಕೂಗಿದ್ರು, ಹಿಂದಿನ ಬಿಸ್ಲು ಕ್ಯಾಮೆರಾಕ್ಕ ಹೊಡಿತೈತಿ, ಬಾಗ್ಲ ಹಾಕ್ರಿ ಅಂತ. ಹೋಗಿ ಮುಂದ ಮಾಡಿದೆ. ಗಾಳಿಗೆ ಮತ್ತ ತೆರಕೊಂತು. ಅದಕ್ಕ ಚಿಲಕ ಹಾಕಿ ಬಂದೆ." ಪರದೆಯ ಮೇಲಿನ ಬಾಗಿಲಿನಿಂದ ಕಣ್ಣು ತೆಗೆದಳು. "ಹೊಗಿ ಎದ್ದಾಗ ಎಲ್ಲಾರೂ ಒಲಿ ಕಡಿ ಓಡಿದ್ವಿ. ನಾನೂ ಅಲ್ಲೇ ಇದ್ದೆ, ಮಂದೀನ ಹೊರಗ ಎಳಿಯಾಕ. ಚಿಲಕದ ನೆನಪ ಆಗಲಿಲ್ಲ ನೋಡು ನನಗ. ಮಣ್ಣು ಕೊಟ್ಟು ಬಂದ ಮ್ಯಾಲೆ ಆತು."

ಕೂಗಿದವರು ಯಾರು ಅಂತ ಯೂನುಸ ಕೇಳಲಿಲ್ಲ. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗುತ್ತದೆ. ಆ ಮಾತನ್ನು ಅವನು ಎಲ್ಲ ಮದುವೆಗಳಲ್ಲೂ ಕೂಗುತ್ತಾನೆ. ಹೋದ ವಾರ ಕೂಡ್ಲಿಗಿಯಲ್ಲೂ ಕೂಗಿದ್ದ. ಯಾರು ಎದ್ದು ಹೋಗಿ ಹಾಕುತ್ತಾರೆ, ಆಮೇಲೆ ಯಾರು ತೆಗೆಯುತ್ತಾರೆ ಅಂತ ತಿರುಗಿ ನೋಡಿದವನಲ್ಲ.

"ಏಳು ವರ್ಷ," ಅಂದಳು ಪಂಪಮ್ಮ. "ನನ್ನ ಮಗಳು ಬಂಗಾರದ ಆಸೆಗೆ ಸತ್ಲು ಅಂತ ಊರು ಅಂತಿದ್ರ, ಖರೇ ಇರ್ಲಿ ಶಿವನೇ, ಖರೇ ಇರ್ಲಿ ಅಂತ ಬೇಡಿಕೊಂಡೀನಿ. ಹೆತ್ತಾಕಿ ನಾನು. ನೀ ಮೊದ್ಲು ತೋರಿಸಿದ ದಿನ ಮನಿಗೆ ಹೋಗಿ ಹೊಟ್ಟಿ ತುಂಬ ಉಂಡೆ."

ಹೊರಗೆ ಓಣಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಬಹಳ ಹೊತ್ತು ಅಳುತ್ತಾಳೆ ಅಂದುಕೊಂಡಿದ್ದ. ಅವಳು ಅಳಲಿಲ್ಲ. ಮೊಣಕಾಲು ಹಿಡಿದು ಎದ್ದಳು.

"ಖರೇದು ಹ್ಯಾಂಗೈತಿ ಹಂಗ ಇಡಪ್ಪಾ. ನಾಳಿ ಶೈಲಾನ ಕರ್ಕೊಂಡು ಬರ್ತೀನಿ. ಅವ್ವ ಹಂತಾಕಿ ಅಲ್ಲ ಅಂತ ಅಕಿಗೆ ಗೊತ್ತಾಗ್ಲಿ."

"ಬಾಗ್ಲ ಯಾರು ಹಾಕಿದ್ರು ಅಂತ ಕೇಳ್ತಾಳವ್ವಾ."

"ನಾ ಹಾಕಿದೆ ಅಂತೀನಿ."

"ಯಾಕ ಹಾಕಿದಿ ಅಂದ್ರ?"

ಕೇಳಿದ ದನಿ ತನ್ನದೇ ಅಂತ ಯೂನುಸನಿಗೆ ಅನ್ನಿಸಲಿಲ್ಲ. ಪಂಪಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಆ ದಂಡಿನಲ್ಲಿ ಅವನ ದನಿ ಗೊತ್ತಿಲ್ಲದವರು ಯಾರಿದ್ದರು?

"ಗಾಳಿಗೆ ಬಡಕೊಂತಿತ್ತು, ಹಾಕಿದೆ ಅಂತೀನಿ," ಅಂದಳು. "ನೀ ಏನೂ ಮಾತಾಡಬ್ಯಾಡ. ಹೆಣ್ಣುಮಗಳು ಇರೋ ಮನಿ ನಿಂದು."

ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಇಳಿದಳು. ನಾನು ಕೂಗಿದ್ದನ್ನೂ ಹೇಳವ್ವಾ ಅಂತ ಯೂನುಸ ಅನ್ನಬೇಕಿತ್ತು. ಅವಳು ಓಣಿ ತಿರುಗುವವರೆಗೆ ಸಮಯವಿತ್ತು. ಅವನು ಅನ್ನಲಿಲ್ಲ.